ಕುಲುಕಾಟದ ವೈರಿ

ನಮ್ಮ ಮಾವನವರಿಗೆ, ಅಂದರೆ ನನ್ನ ಗಂಡನ ತಂದೆಗೆ, ಲಾರಿಯ ಮೇಲ್ಭಾಗ ಹೇಗಿರುತ್ತದೆ ಎಂಬುದೇ ಸರಿಯಾಗಿ ಗೊತ್ತಿಲ್ಲ! ಸುಳ್ಳು ಅನ್ನಿಸಿದರೆ ಹರಿಹರಕ್ಕೆ ಬಂದು ಪರೀಕ್ಷಿಸಿ. ಈಗ ಹೋದ ಲಾರಿಯ ಬಣ್ಣ ಯಾವುದು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಅದರ ಹೊಟ್ಟೆಯ ಅಡಿ ಏನೇನಿತ್ತು ಎಂದು ಕೇಳಿದರೆ ಊಟ ಬಿಟ್ಟು ವಿವರಿಸುತ್ತಾರೆ. ಅವರ ಅರ್ಧ ಆಯುಷ್ಯ ಲಾರಿಗಳ ಕೆಳಗೆ ಅಂಗಾತ ಮಲಗಿ ಕಳೆದಿದೆ. ಇನ್ನರ್ಧ ಮೈಗೆ ಹತ್ತಿದ ಗ್ರೀಸ್ ತೊಳೆಯುವುದರಲ್ಲಿ ಕಳೆದಿದೆ. ಇದರಲ್ಲಿ ಎರಡನೆಯ ಅರ್ಧ ನಮ್ಮ ಅತ್ತೆಯ ಆಯುಷ್ಯ!

ದಾವಣಗೆರೆ ಕಡೆ ಹೋಗುವ ರಸ್ತೆಯಲ್ಲಿ ಅವರದೊಂದು ಶೆಡ್ಡು ಇದೆ. ಲಾರಿಯ ಚಕ್ರಕ್ಕೂ ಮೈಗೂ ನಡುವೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನ ಹಾಗೆ ಬಾಗಿಸಿ ಕೂರಿಸಿರುತ್ತಾರಲ್ಲ, ಅದಕ್ಕೆ ಪಾಟಾ ಅನ್ನುತ್ತಾರೆ. ರಸ್ತೆಯ ಏಟನ್ನೆಲ್ಲ ಅದೇ ತಿನ್ನಬೇಕು. ಶೆಡ್ಡಿನ ಬೋರ್ಡಿನ ಪ್ರಕಾರ ಅಲ್ಲಿ ಪಾಟಾ ರಿಪೇರಿ ಮಾಡುತ್ತಾರೆ. ವಾಸ್ತವದಲ್ಲಿ ರಿಪೇರಿಗೆಂದು ಬಂದ ಲಾರಿ ಅಲ್ಲಿಂದ ಸುಧಾರಣೆಯಾಗಿ ಹೋಗುತ್ತದೆ. ಆ ಸುಧಾರಣೆಯನ್ನು ರಿಪೇರಿ ಮಾಡಿಸಲು ಮತ್ತೆ ಬರುತ್ತದೆ.

ನಾನು ಮಾಯಕೊಂಡದವಳು, ಅಪ್ಪನಿಗೆ ಮೆಕ್ಕೆಜೋಳ ಸಾಗಿಸುವ ಒಂದು ಲಾರಿ ಇತ್ತು. ನನ್ನನ್ನು ನೋಡಲು ಇವರೆಲ್ಲ ಬಂದ ದಿನ ಹುಡುಗ ಬಂದ, ಹುಡುಗನ ತಾಯಿ ಬಂದರು, ಬೀಗರಾಗಬೇಕಾದವರು ಮಾತ್ರ ನಾಪತ್ತೆ! ಉಪ್ಪಿಟ್ಟು ಆರುತ್ತಿದೆ, ನಾನು ಒಳಗೆ ಸೀರೆಯಲ್ಲಿ ಬೇಯುತ್ತಿದ್ದೇನೆ. ಚಿಕ್ಕಪ್ಪ ಹೊರಗೆ ಹುಡುಕಲು ಹೋದವರು ಗಾಬರಿಯಲ್ಲಿ ಓಡಿ ಬಂದರು.

"ಅಣ್ಣಾ, ಬೀಗರು ನಮ್ಮ ಲಾರಿ ಅಡಿಗೆ ಮಲಗ್ಯಾರ!"

ಅಪ್ಪನ ಎದೆ ಒಡೆದುಹೋಯಿತು. ಅಷ್ಟರಲ್ಲಿ ಮಾವನವರೇ ಎದ್ದು ಒಳಗೆ ಬಂದರು. ಬರುವಾಗ ಬಿಳಿಯಾಗಿದ್ದ ಪಂಚೆ ಈಗ ಯಾವ ಬಣ್ಣವೂ ಆಗಿರಲಿಲ್ಲ. "ಎಡಗಡೆ ಪಾಟಾ ಒಂದು ಮುರಿದೈತ್ರಿ. ಹಿಂಗೇ ಓಡಿಸಿದ್ರೆ ಮೆಕ್ಕೆಜೋಳದ ಜತಿಗೆ ಡ್ರೈವರ್‌ನೂ ಹಿಟ್ಟಾಗ್ತಾನ" ಎಂದು ಅಪ್ಪನಿಗೆ ಹೇಳಿ ಕೂತರು. ನಾನು ಚಹಾ ತಂದೆ. ಹೆಸರು ಕೇಳಲಿಲ್ಲ, ಓದು ಕೇಳಲಿಲ್ಲ.

"ಆ ಲಾರ್ಯಾಗ ಯಾವಾಗಾದ್ರೂ ಕುಂತು ಹೋಗೀಯೇನವ್ವ?"

"ಹೋಗೀನ್ರಿ."

"ಸೊಂಟ ನೋಯ್ತೈತೋ, ಬೆನ್ನು ನೋಯ್ತೈತೋ?"

"ತಲಿ ನೋಯ್ತೈತ್ರಿ."

ಮಾವನವರು ತೊಡೆ ತಟ್ಟಿಕೊಂಡರು. "ಕುತ್ತಿಗಿ ತನಕ ಏರೈತೆ ಏಟು! ಎಂಥ ಸೂಕ್ಷ್ಮ ನೋಡ್ರಿ ಹುಡುಗೀದು! ಇದೇ ಸಂಬಂಧ!" ಎಂದರು. ಹುಡುಗ ಒಪ್ಪಿದನೋ ಇಲ್ಲವೋ ಎಂದು ಇವತ್ತಿಗೂ ಯಾರೂ ಕೇಳಿಲ್ಲ.

ಮದುವೆಯಾಗಿ ಬಂದ ಮೇಲೆ ನೋಡುತ್ತೇನೆ, ಮನೆಯೂ ಶೆಡ್ಡಿನ ಒಂದು ಶಾಖೆ! ಗುಂಡಿ ಬಿದ್ದ ರಸ್ತೆಯಲ್ಲಿ ಲಾರಿಯ ಒಂದು ಚಕ್ರ ಮೇಲೆದ್ದರೆ ಇನ್ನೊಂದರ ಮೇಲೆ ಭಾರವೆಲ್ಲ ಬೀಳುತ್ತದಂತೆ. ಎರಡನ್ನೂ ಒಂದು ತೂಗುವ ತೋಳಿಗೆ ಕಟ್ಟಿದರೆ ಭಾರ ಸಮನಾಗಿ ಹಂಚಿಹೋಗುತ್ತದಂತೆ. ಸರಿ, ಹಂಚಲಿ. ಆ ಉಪಾಯವನ್ನು ನಡುಮನೆಯ ಸೋಫಾಕ್ಕೆ ಯಾಕೆ ಕಟ್ಟಬೇಕು? ತೋಳಿನ ಬದಲು, ಹಳೇ ಬಸ್ಸಿನಲ್ಲಿ ಪಾಟಾದ ಜಾಗದಲ್ಲಿದ್ದ ಗಾಳಿ ಚೀಲಗಳನ್ನು ಸೋಫಾದ ಕೆಳಗೆ ಕೂರಿಸಿ, ಒಂದಕ್ಕೊಂದು ಕೊಳವೆ ಜೋಡಿಸಿ, ಯಾರಿಗೂ ಹೇಳದೆ ಮೇಲೊಂದು ಹೂವಿನ ಬೆಡ್‌ಶೀಟ್ ಹೊದಿಸಿಟ್ಟಿದ್ದರು.

ಆ ಸೋಫಾದ ಒಂದು ತುದಿಯಲ್ಲಿ ನಮ್ಮ ಅತ್ತೆಯ ತಮ್ಮ ಕೂತು ಚಹಾ ಕುಡಿಯುತ್ತಿದ್ದರು. ಬಹಳ ತೆಳ್ಳನೆಯ, ಬಹಳ ಗಂಭೀರ ಮನುಷ್ಯ. ಇನ್ನೊಂದು ತುದಿಗೆ ನನ್ನ ಗಂಡನ ದೊಡ್ಡಮ್ಮ, ಕಡರನಾಯಕನಹಳ್ಳಿಯ ತುಂಬು ಮೈಯವರು, ಬಂದು "ಉಸ್ಸಪ್ಪಾ" ಎಂದು ಕೂತರು. ದೊಡ್ಡಮ್ಮ ಇಳಿದರು. ಗಂಭೀರ ಮನುಷ್ಯ ಕಪ್ಪು-ಬಸಿ ಸಮೇತ ಮೆಲ್ಲಗೆ ಏರತೊಡಗಿದರು!

"ಯಾಕಪ್ಪಾ, ನಾನು ಬಂದ ಕೂಡ್ಲೇ ಎದ್ದೀ? ಕೂತ್ಕೋ" ಎಂದರು ದೊಡ್ಡಮ್ಮ.

"ನಾನು ಎದ್ದಿಲ್ಲಬೇ! ಎಬ್ಬಿಸ್ಯಾರ!"

ಅತ್ತೆ ಅಡುಗೆಮನೆಯಿಂದಲೇ ಕೂಗಿದರು. "ರೀ, ನಮ್ಮ ತವರಿನವರನ್ನ ಮೊದಲು ಇಳಿಸ್ರಿ!" ಮಾವನವರು ಮಾತ್ರ ನೆಲದ ಮೇಲೆ ಮಲಗಿ ಸೋಫಾದ ಕೆಳಗೆ ಇಣುಕುತ್ತಾ, "ನೋಡ್ದೇನೇ? ಚಹಾ ಒಂದು ಹನಿ ಚೆಲ್ಲಿಲ್ಲ!" ಎಂದು ಹಿಗ್ಗುತ್ತಿದ್ದರು.

ಆದರೆ ಅವರ ನಿಜವಾದ ಕನಸು ಬೇರೆಯೇ ಇತ್ತು. ಒಂದು ಹಳೇ ಲಾರಿಯ ಹಿಂಬದಿಗೆ ಹೆಚ್ಚುವರಿ ಆಕ್ಸಲ್, ಅಂದರೆ ಎರಡು ಕಡೆ ಚಕ್ರ ಇರುವ ಉಕ್ಕಿನ ಅಚ್ಚು, ಕೂರಿಸಿದ್ದರು. ಲಾರಿ ಖಾಲಿ ಇದ್ದಾಗ ಆ ಚಕ್ರಗಳು ಕಾಲು ಮಡಚಿಕೊಂಡ ಕೊಕ್ಕರೆಯಂತೆ ಮೇಲೆ ಇರಬೇಕು. ಭಾರ ಬಿದ್ದ ಕೂಡಲೇ ತಾವಾಗಿಯೇ ಕೆಳಗಿಳಿದು ಹೆಗಲು ಕೊಡಬೇಕು. ಇಂಥವು ಬೇರೆ ಲಾರಿಗಳಲ್ಲೂ ಇವೆ, ಇವರೇನೂ ಮೊದಲಿಗರಲ್ಲ. ಆದರೆ ಇವರದು ತೂಗುವ ತೋಳಿನ ಜೊತೆ ಸೇರಿ ಕೆಲಸ ಮಾಡುತ್ತಿತ್ತು. ಇಳಿಯುವಾಗ, ಏರುವಾಗ ಒಂದಿಷ್ಟೂ ಕುಲುಕಬಾರದು ಎಂಬುದು ಇವರ ಹಠ.

ಕುಲುಕಿತೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ? ಮರಳಿನ ಚೀಲ ಹಾಕಿ ನೋಡಿ ಎಂದು ನನ್ನ ಗಂಡ ಸಲಹೆ ಕೊಟ್ಟರು.

"ಮರಳಿನ ಚೀಲ ಬಾಯಿ ಬಿಟ್ಟು ಹೇಳ್ತೈತೇನೋ, ಸೊಂಟ ನೋಯ್ತು ಅಂತ?"

ಹೀಗಾಗಿ ಕಡರನಾಯಕನಹಳ್ಳಿಯ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ, ನಮ್ಮಲ್ಲೇ ಉಳಿದಿದ್ದ ದೊಡ್ಡಮ್ಮನೂ ಸೇರಿ, ನಮ್ಮ ಇಡೀ ಬಳಗ ಭತ್ತದ ಚೀಲಗಳ ಮೇಲೆ ಕೂತು ಹೊರಟಿತು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸಬಾರದೆಂಬ ಕಾನೂನು ಇವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಅವರ ಪ್ರಕಾರ ನಾವು ಜನವಲ್ಲ, ಲೋಡು! ದಾರಿಯುದ್ದಕ್ಕೂ ಮಾವನವರು ಮುಂದಿನ ಕಿಟಕಿಯಿಂದ ತಲೆ ಹೊರಹಾಕಿ "ಅತ್ತಿಗೀ, ಈಗ ಹೆಂಗಾತು? ಬೆನ್ನಿಗೋ ಸೊಂಟಕ್ಕೋ?" ಎಂದು ವಿಚಾರಣೆ. ರೇಷ್ಮೆ ಸೀರೆಯ ಹೆಂಗಸರು ಕೊಡಬಾರದ ಉತ್ತರಗಳನ್ನೆಲ್ಲ ಕೊಟ್ಟರು.

ನಡುವೆ ಚಹಾಕ್ಕೆ ಇಳಿದೆವು. ದೊಡ್ಡಮ್ಮ ಕೊನೆಯವರಾಗಿ ಇಳಿದದ್ದೇ ತಡ, ಲಾರಿ 'ಹುಸ್ಸ್' ಎಂದಿತು, ಹಿಂದಿನ ಚಕ್ರಗಳು ಗಾಳಿಗೆದ್ದವು! ಮಾವನವರು ಕುಣಿದೇಬಿಟ್ಟರು. "ಅಕ್ಕಾ, ಇನ್ನೊಮ್ಮೆ ಹತ್ರಿ!" ದೊಡ್ಡಮ್ಮ ಹತ್ತಿದರು, ಚಕ್ರ ಇಳಿಯಿತು. "ಈಗ ಇಳೀರಿ!" ಇಳಿದರು, ಚಕ್ರ ಏರಿತು. ಅಂಗಡಿಯ ಮುಂದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮತ್ತೆ ಹತ್ತಿ ಎನ್ನುವಾಗ ದೊಡ್ಡಮ್ಮ ಸೆರಗು ಸಿಕ್ಕಿಸಿ, "ನಿನ್ನ ಆಕ್ಸಲ್ಲಿಗೆ ನಾನೇನು ಸ್ವಿಚ್ಚೇನೋ?" ಎಂದು ಬೈದು ಆಟೋ ಹಿಡಿದರು. ಆ ಮೇಲೆ ಅವರು ನಮ್ಮ ಮನೆಯಲ್ಲಿ ನೆಲದ ಮೇಲೆಯೇ ಕೂರುವುದು.

ಸುದ್ದಿ ಹೇಗೋ ಹಬ್ಬಿ, ಟ್ರೇಲರ್ ತಯಾರಿಸುವ ಒಂದು ಕಂಪನಿಯಿಂದ ಇಬ್ಬರು ಇಂಜಿನಿಯರುಗಳು ನೋಡಲು ಬರುತ್ತೇವೆಂದರು. ಇಷ್ಟು ವರ್ಷಗಳ ತಪಸ್ಸು! ಮಾವನವರು ಹಿಂದಿನ ದಿನವೇ ಶೆಡ್ಡು ಗುಡಿಸಿದರು. ಲಾರಿಯನ್ನು ಮದುಮಗಳ ಹಾಗೆ ತೊಳೆದರು. ಅತ್ತೆ ತಾವೇ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, "ಇವತ್ತೊಂದು ದಿನ ಲಾರಿ ಅಡಿಗೆ ಹೋಗಬ್ಯಾಡ್ರಿ" ಎಂದು ಕೈಮುಗಿದು ಕಳಿಸಿದರು. ನಾನೂ ನನ್ನ ಗಂಡನೂ ಶೆಡ್ಡಿಗೆ ಜೊತೆಗೆ ಹೋದೆವು.

ಇಂಜಿನಿಯರುಗಳು ಬಂದರು, ಬಗ್ಗಿ ನೋಡಿದರು, ತಮ್ಮಲ್ಲೇ ಏನೋ ಮಾತಾಡಿಕೊಂಡು ತಲೆದೂಗಿದರು. ಇನ್ನೇನು ಭಾರ ಹೇರಿ ಓಡಿಸಿ ತೋರಿಸಬೇಕು, ನನ್ನ ಫೋನು ಬಡಿದುಕೊಂಡಿತು. ಪಕ್ಕದ ಮನೆಯವರು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಏಳಲು ಆಗುತ್ತಿಲ್ಲ.

ನಾನು ಮಾವನವರ ಕಿವಿಯಲ್ಲಿ ಹೇಳಿದೆ. "ನೀವು ತೋರ್ಸಿ ಬರ್ರಿ ಮಾವ, ನಾವಿಬ್ರೂ ಹೋಗಿರ್ತೀವಿ" ಅಂತಲೂ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಇಂಜಿನಿಯರುಗಳ ಕಡೆ ತಿರುಗಿಯೂ ನೋಡದೆ, ಲಾರಿಯನ್ನು ಹಾಗೆಯೇ ಬಿಟ್ಟು, ರಸ್ತೆಗೆ ಓಡಿ ಎದುರಿಗೆ ಬಂದ ಯಾರದೋ ಬೈಕಿನ ಹಿಂದೆ ಹತ್ತಿ ಹೊರಟೇಬಿಟ್ಟರು. ಪಾಪ, ಆ ಇಬ್ಬರು ಮೇಲೆದ್ದ ಚಕ್ರಗಳನ್ನು ನೋಡುತ್ತಾ ನಿಂತಿದ್ದರು. ಮುಂದೆ ಇನ್ನೊಮ್ಮೆ ಬಂದರು, ನೋಡಿದರು, ಮೆಚ್ಚಿಕೊಂಡು ಮಾತುಕತೆಯನ್ನೂ ಶುರು ಮಾಡಿದರು, ಅದು ಬೇರೆ.

ಅತ್ತೆಯ ತೊಡೆಯ ಮೂಳೆ ಮುರಿದಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಾವನವರು ಆ ದಿನಗಳಲ್ಲಿ ಶೆಡ್ಡಿನ ಹೆಸರೆತ್ತಲಿಲ್ಲ. ಆಸ್ಪತ್ರೆಯ ಮಂಚ ಕಿರುಗುಟ್ಟಿದರೂ ಬಗ್ಗಿ ನೋಡಲಿಲ್ಲ. ನನಗೆ ಅದೇ ಹೆದರಿಕೆಯಾಗಿತ್ತು.

ಮನೆಗೆ ಕರೆತರುವ ದಿನ ಆಂಬುಲೆನ್ಸ್ ಬಂತು. ಹೊಲಿಗೆ ಇನ್ನೂ ಹಸಿ, ಹರಿಹರದ ತನಕ ಅಲ್ಲಲ್ಲಿ ಅಗೆದ ರಸ್ತೆ. ಮಾವನವರು ಏನೋ ಒಂದು ಯಂತ್ರ ಕಟ್ಟಿಕೊಂಡು ಬರುತ್ತಾರೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಬರಿಗೈಯಲ್ಲಿ ಬಂದರು. ಸೀಟು ಖಾಲಿ ಇದ್ದರೂ ಗಾಡಿಯ ನೆಲದ ಮೇಲೆ ಮಂಡಿಯೂರಿ ಕೂತರು. ಅತ್ತೆಯ ಕಾಲಿನ ಕೆಳಗೆ ಎರಡೂ ಮುಂಗೈ ತೂರಿಸಿ, ಹಾಸಿಗೆಯಿಂದ ಒಂದಿಷ್ಟೇ ಮೇಲೆ ಎತ್ತಿ ಹಿಡಿದರು. ಗಾಡಿ ಹೊರಟಿತು. ಗುಂಡಿ ಬಂದಾಗ ಗಾಡಿ ಎದ್ದು ಬೀಳುತ್ತಿತ್ತು, ಇವರ ಭುಜಗಳೂ ಅದರ ಜೊತೆಗೆ ಎದ್ದು ಬೀಳುತ್ತಿದ್ದವು. ಅತ್ತೆಯ ಕಾಲು ಮಾತ್ರ ಇದ್ದಲ್ಲೇ ಇತ್ತು.

"ಸ್ವಲ್ಪ ಹೊತ್ತು ನಾನು ಹಿಡಿತೀನಿ ಕೊಡ್ರಿ ಮಾವ" ಎಂದೆ.

"ಬ್ಯಾಡವ್ವ" ಎಂದರು. ಅಷ್ಟೇ.

ಮನೆಯ ಮುಂದೆ ಗಾಡಿ ನಿಂತಾಗ ಅತ್ತೆ ಗಾಢ ನಿದ್ದೆಯಲ್ಲಿದ್ದರು. ಬಾಗಿಲು ತೆಗೆದ ಸದ್ದಿಗೆ ಕಣ್ಣು ಬಿಟ್ಟು, ಹೊರಗೆ ನೋಡಿ ಆಶ್ಚರ್ಯದಿಂದ ಕೇಳಿದರು. "ಆಗ್ಲೇ ಹರಿಹರ ಬಂತೇನ್ರಿ?"

"ಹೂಂ. ಬಂತು ನೋಡು."

ಕಾಲನ್ನು ಮೆತ್ತಗೆ ಇಳಿಸಿ ಕೈ ಹೊರತೆಗೆದರು. ಬೆರಳು ಬಿಚ್ಚುತ್ತಿರಲಿಲ್ಲ. ನನ್ನ ಕಡೆ ಮುಖ ತಿರುಗಿಸಿ, "ಕನ್ನಡಕ ಒಂಚೂರು ತೆಗಿಯವ್ವ" ಎಂದರು ಸಣ್ಣ ದನಿಯಲ್ಲಿ. ತೆಗೆದೆ. ಗಾಜು ಪೂರ್ತಿ ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿ ಮತ್ತೆ ಅವರ ಕಿವಿಗೆ ಸಿಕ್ಕಿಸಿದೆ.