ಪೂರ್ವಕ್ಕೆ ಉಕ್ಕಿದ ಹಾಲು

ಹಾಲು ಉಕ್ಕಿಸುವುದು ಅಂಥ ಕಷ್ಟದ ಕೆಲಸವಲ್ಲ. ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಿಗೆ ನಿಂತರೆ ಸಾಕು, ಅದು ತಾನಾಗಿ ಉಕ್ಕುತ್ತದೆ. ನಮ್ಮ ಮನೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಈ ಕೆಲಸವನ್ನು ನಾನು ಯಾರೂ ಕೇಳದಿದ್ದರೂ ಮಾಡಿಕೊಂಡು ಬಂದಿದ್ದೇನೆ. “ಒಂದ್ನಿಮಿಷ ಹಾಲು ನೋಡ್ಕೊಳ್ರೀ” ಎಂದು ಹೆಂಡತಿ ಸುಮಿತ್ರಾ ಹೇಳಿದ ದಿನವೆಲ್ಲ ಹಾಲು ಉಕ್ಕಿದೆ. ಇಷ್ಟು ಅನುಭವವುಳ್ಳ ನನಗೆ ಹೊಸ ಬಾಡಿಗೆ ಮನೆಯಲ್ಲಿ ಶಾಸ್ತ್ರಕ್ಕೆ ಹಾಲು ಉಕ್ಕಿಸುವ ಹೊಣೆ ಬಂದಾಗ, ಸರ್ಕಾರ ಕೊನೆಗೂ ಯೋಗ್ಯನಾದವನನ್ನು ಗುರುತಿಸಿತು ಅನ್ನಿಸಿತು. ನಮ್ಮ ಮನೆಯಲ್ಲಿ ಸರ್ಕಾರ ಎಂದರೆ ಸುಮಿತ್ರಾ.

ನಾವಿದ್ದದ್ದು ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೆಳಗಾದರೆ ಮೂಟೆ ಇಳಿಸುವವರ ಕೂಗು, ಆಟೋದವರ ಹಾರನ್ನು, ಕೆಳಗೆ ಗಿರಾಕಿಗಳ ಚೌಕಾಶಿ. ಗಂಡ ಹೆಂಡತಿ ಪ್ರೀತಿಯಿಂದ ನಾಲ್ಕು ಮಾತಾಡಬೇಕಾದರೂ ಕಿರುಚಬೇಕಿತ್ತು. ನಾವು ದಿನಾ ಜಗಳವಾಡುತ್ತೇವೆಂದು ಎದುರು ಮನೆಯವರು ನಂಬಿದ್ದರು. ನಿಜವಾಗಿ ಜಗಳವಾಡಿದ ದಿನ ಇಬ್ಬರೂ ಸುಮ್ಮನಿರುತ್ತಿದ್ದೆವು, ಆಗ ಅವರಿಗೆ ಸಮಾಧಾನವಾಗುತ್ತಿತ್ತು.

ಬಾಡಿಗೆ ವರ್ಷವರ್ಷವೂ ಏರುತ್ತಿತ್ತು. ನಾನು ಹೆಡ್ ಕ್ಲರ್ಕ್ ಆಗಿರುವ ಆಫೀಸು ಬೇರೆ ಹೆಬ್ಬಾಳದ ಕಡೆಗೆ ಹೋಯಿತು. ಹಾಗಾಗಿ ಅಮೃತಹಳ್ಳಿಯಲ್ಲಿ ಒಂದು ಮನೆ ಹುಡುಕಿದೆ. ಬಾಡಿಗೆ ಕಡಿಮೆ, ರೂಮು ಒಂದು ಜಾಸ್ತಿ, ಎದುರಿಗೆ ಹೊಂಗೆ ಮರ. ಅಲ್ಲಿ ನಿಂತರೆ ಕಾಗೆ ಕೂಗಿದ್ದು ಕೇಳಿಸುತ್ತದೆ ಎಂದು ಸುಮಿತ್ರಾಳಿಗೆ ವರದಿ ಒಪ್ಪಿಸಿದೆ.

“ಕೇಳ್ಸುತ್ತೆ ರೀ. ಅಲ್ಲಿಗೆ ಬಂದು ನನ್ ಹತ್ರ ರವಿಕೆ ಹೊಲಿಸೋರ್ಯಾರು? ಕಾಗೇನಾ?” ಎಂದಳು.

ಮಾತು ನ್ಯಾಯವಾದದ್ದೇ. ಸುಮಿತ್ರಾ ರವಿಕೆ ಹೊಲಿಯುತ್ತಾಳೆ. ಕೆಳಗೆ ಸೀರೆ ಕೊಂಡ ಹೆಂಗಸರು ಪೊಟ್ಟಣದ ಸಮೇತ ನೇರ ಮೆಟ್ಟಿಲು ಹತ್ತಿ ಬರುತ್ತಿದ್ದರು. ನನ್ನ ಸಂಬಳ ಮನೆಯನ್ನು ನಿಲ್ಲಿಸಿದ್ದರೆ ಅವಳ ಹೊಲಿಗೆ ಮನೆಯನ್ನು ನಡೆಸಿತ್ತು. ಮಗಳನ್ನು ಓದಿಸಿ, ಮೈಸೂರಿನಲ್ಲಿ ಮದುವೆ ಮಾಡಿಕೊಟ್ಟದ್ದು ಆ ಮಿಷನ್ನು. ಅದನ್ನು ಎತ್ತಿಕೊಂಡು ಗಿರಾಕಿಯೇ ಇಲ್ಲದ ಊರಿಗೆ ಹೋಗುವುದೆಂದರೆ ಅವಳಿಗೆ ನಿಜವಾಗಿಯೂ ಹೆದರಿಕೆಯಿತ್ತು. ನನಗೂ ಇತ್ತು. ನಾನು ತೋರಿಸಿಕೊಳ್ಳಲಿಲ್ಲ ಅಷ್ಟೆ.

ಎರಡು ತಿಂಗಳ ಮಾತುಕತೆಯ ನಂತರ ಅವಳು ದೈವಕ್ಕೆ ಬಿಟ್ಟಳು. ಅಷ್ಟರಲ್ಲಿ ಆಷಾಢ ಹತ್ತಿರ ಬಂದಿತ್ತು. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಅದಕ್ಕೊಂದು ಉಪಾಯವನ್ನೂ ಹಿರಿಯರೇ ಇಟ್ಟಿದ್ದಾರೆ. ಆಷಾಢ ಹುಟ್ಟುವ ಮೊದಲು ಒಳ್ಳೆಯ ದಿನ ನೋಡಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಬಿಟ್ಟರೆ ಮನೆ ಹೊಕ್ಕಂತೆ ಲೆಕ್ಕ. ಸಾಮಾನು ಶ್ರಾವಣದಲ್ಲಿ ನಿಧಾನವಾಗಿ ಬರಬಹುದು. ಕೊನೆಯ ಒಳ್ಳೆಯ ದಿನ ಒಂದು ಗುರುವಾರ, ಒಂಬತ್ತರಿಂದ ಹತ್ತೂವರೆ. ಆದರೆ ಆಷಾಢಕ್ಕೆ ಮುಂಚೆ ಮದುವೆ ಮುಗಿಸುವವರ ರವಿಕೆಗಳು ಅವಳ ಮಿಷನ್ನಿನ ಮೇಲೆ ರಾಶಿ ಬಿದ್ದಿದ್ದವು.

“ನೀವೇ ಹೋಗ್ಬನ್ನಿ. ಓನರ್ ಗೌರಮ್ಮನವ್ರಿಗೆ ಫೋನ್ ಮಾಡಿದೀನಿ, ಅವ್ರು ದೀಪ ಹಚ್ತಾರೆ. ಅಟ್ಟದ ಮೇಲೆ ಬಳಸ್ದೇ ಇರೋ ಸ್ಟೀಲ್ ಪಾತ್ರೆ ಇದೆ, ತಗೊಂಡ್ಹೋಗಿ. ಹಾಲು ಚೆನ್ನಾಗಿ ಉಕ್ಕಿದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಇರೋಣ. ಮಾತಂದ್ರೆ ಮಾತು.”

ಅಟ್ಟ ಹತ್ತಿ ನೋಡಿದರೆ ಬಳಸದ ಪಾತ್ರೆ ಎರಡಿದ್ದವು. ಒಂದು ಅರ್ಧ ಲೀಟರಿನ ಪುಟ್ಟದು. ಇನ್ನೊಂದು ನಮ್ಮ ಮದುವೆಗೆ ಸೋದರಮಾವ ಕೊಟ್ಟದ್ದು, ಇಪ್ಪತ್ತೈದು ಜನಕ್ಕೆ ಸಾಂಬಾರ್ ಮಾಡಬಹುದಾದದ್ದು. ಜೀವನದ ಇಷ್ಟು ದೊಡ್ಡ ಹೆಜ್ಜೆಗೆ ಆ ಪುಟ್ಟ ಪಾತ್ರೆ ಜಿಪುಣತನವಾಗಿ ಕಂಡಿತು. ಸದರಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ ದೊಡ್ಡ ಪಾತ್ರೆಯನ್ನು ಆರಿಸಿದೆ.

ಅದನ್ನು ಹಿಡಿದು ಬಸ್ಸು ಹತ್ತಿದೆ. ಪಾತ್ರೆಯೊಳಗೆ ಸಣ್ಣ ಗ್ಯಾಸ್ ಒಲೆ, ಅರಿಶಿನ ಕುಂಕುಮ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು.

“ಕ್ಯಾಟರಿಂಗಾ ಸಾರ್?” ಎಂದು ಕಂಡಕ್ಟರ್ ಕೇಳಿದ.

“ಅಲ್ಲಪ್ಪ, ಹಾಲು ಉಕ್ಕಿಸೋಕೆ.”

ಆತ ಪಾತ್ರೆಯನ್ನೂ ನನ್ನನ್ನೂ ನೋಡಿ ಏನೋ ಹೇಳಲು ಹೋಗಿ ಸುಮ್ಮನಾದ. ಅವತ್ತು ಆತ ಬಾಯಿಬಿಟ್ಟಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ.

ಗೌರಮ್ಮನವರು ಅಮೃತಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವವರು. ಮಕ್ಕಳು ಮಹಡಿ ಕಟ್ಟಿಸಿದರೂ ಹಿತ್ತಿಲಲ್ಲಿ ಒಂದು ಹಸು ಉಳಿಸಿಕೊಂಡಿದ್ದಾರೆ. ದೀಪ ಹಚ್ಚಿ, ಒಲೆಗೆ ಅರಿಶಿನ ಕುಂಕುಮ ಇಟ್ಟರು. ನಾನು ಭಕ್ತಿಯಿಂದ ಪಾತ್ರೆ ಇಟ್ಟು ಹಾಲು ಸುರಿದೆ. ಹಾಲು ತಳದಲ್ಲಿ ತೆಳ್ಳಗೆ ಹರಡಿಕೊಂಡಿತು. ನೆಲ ಒರೆಸಿದ ಮೇಲೆ ಉಳಿಯುವ ನೀರಿನಷ್ಟು.

ಗೌರಮ್ಮನವರು ಬಗ್ಗಿ ನೋಡಿದರು. “ಅಲ್ಲ ಸಾಮಿ, ಊರ್ಗೆಲ್ಲಾ ಊಟ ಆಕೋ ಪಾತ್ರೇಲಿ ಇಷ್ಟೇ ಆಲಾ? ಇಂಗಾದ್ರೆ ಎಂಗ್ ಉಕ್ತದೆ?”

“ಉಕ್ಕುತ್ತಮ್ಮ. ನಮ್ಮನೇಲಿ ದಿನಾ ಉಕ್ಕುತ್ತೆ” ಎಂದೆ.

ಹತ್ತು ನಿಮಿಷವಾಯಿತು. ಹಾಲು ಕುದಿಯಿತು, ಗುಳ್ಳೆ ಬಂತು, ಒಂದಿಷ್ಟು ಮೇಲೆದ್ದಿತು, ಮತ್ತೆ ಕೂತಿತು. ಅಂಚಿಗೆ ಇನ್ನೂ ಗೇಣುದ್ದ ಬಾಕಿಯಿತ್ತು. ತಳ ಹಿಡಿದ ವಾಸನೆಯೂ ಶುರುವಾಯಿತು. ಬೇರೆ ಸಣ್ಣ ಪಾತ್ರೆಗೆ ಬಗ್ಗಿಸೋಣ ಎಂದು ಬಟ್ಟೆ ಹಿಡಿದೆ. ಗೌರಮ್ಮನವರು ಕೈ ತಡೆದರು.

“ಇಳಿಸ್ಬಾರ್ದು. ಒಲೆ ಮ್ಯಾಲಿಟ್ಟ ಶಾಸ್ತ್ರದ ಆಲು ಉಕ್ಕೋಗಂಟ ಇಳಿಸಂಗಿಲ್ಲ.”

ವಾಸನೆಗೆ ಪಕ್ಕದ ಮನೆಯ ಶಿವಾನಂದ ಅವರು ಬಂದರು. ಹುಬ್ಬಳ್ಳಿ ಕಡೆಯವರು, ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪಾತ್ರೆಯೊಳಗೆ ಇಣುಕಿ, ವಿದ್ಯಾರ್ಥಿಯ ಉತ್ತರ ಪತ್ರಿಕೆ ನೋಡಿದ ಹಾಗೆ ನಿಟ್ಟುಸಿರು ಬಿಟ್ಟರು.

“ಪಾತ್ರಿ ಅಗಲ ಭಾಳ ಆತ್ರಿ ಸರ. ಇದಕ್ಕ ಎರಡ ದಾರಿ. ಒಂದು, ಪಾತ್ರಿ ಸಣ್ಣದು ಮಾಡಬೇಕು. ಅದು ಆಗೂದಿಲ್ಲ. ಇನ್ನೊಂದು, ಹಾಲು ಹೆಚ್ಚು ಮಾಡಬೇಕು.”

ಅಂಗಡಿಗೆ ಓಡಿದೆ. ಬೆಳಗಿನ ಹಾಲು ಮುಗಿದಿತ್ತು, ಇನ್ನು ಸಂಜೆಗೇ ಅಂದರು. ವಾಪಸ್ಸು ಬರುವಷ್ಟರಲ್ಲಿ ಶಿವಾನಂದರು ತಮ್ಮ ಮನೆಯ ಹಾಲು ತಂದು ಸುರಿದಿದ್ದರು. ಗೌರಮ್ಮನವರು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು. “ವೊಸ ಬಾಡಿಗೆಯೋರ್ದು ಆಲು ಉಕ್ತಾ ಇಲ್ಲ ಕಣ್ರವ್ವಾ, ಇದ್ದೋರು ಒಂದೊಂದ್ ಲೋಟ ತನ್ನಿ.” ನಿಶ್ಶಬ್ದವಾದ ಬೀದಿ ಎಂದು ನಾನು ಆರಿಸಿದ್ದೆ. ಅದರ ಒಂದು ಗುಣ ಏನೆಂದರೆ, ಕೂಗಿದರೆ ಕೊನೆಯ ಮನೆಗೂ ಚೆನ್ನಾಗಿ ಕೇಳಿಸುತ್ತದೆ.

ಹೆಂಗಸರು ಬಂದರು. ಕೆಲವರು ಲೋಟ, ಕೆಲವರು ಚೊಂಬು. ಒಬ್ಬಾಕೆ ಕಾಫಿಗೆ ಕಾಯಿಸಿದ್ದನ್ನು ಪಾತ್ರೆ ಸಮೇತ ತಂದರು. ನನ್ನ ಹೆಸರು ಕೂಡ ಗೊತ್ತಿಲ್ಲದವರು. ಯಾಕೆ, ಏನು ಎಂದು ಯಾರೂ ಕೇಳಲಿಲ್ಲ, ಸುರಿದರು, ಉಕ್ಕುವುದನ್ನು ನೋಡಿಯೇ ಹೋಗೋಣವೆಂದು ಗೋಡೆಗೆ ಒರಗಿ ನಿಂತರು. ಎಣಿಸಿದೆ, ಒಂಬತ್ತು ಮನೆ. ಹಾಲು ಮುಕ್ಕಾಲು ಪಾತ್ರೆಗೆ ಬಂತು. ಗಂಟೆ ಹತ್ತೂಕಾಲು.

“ಇನ್ನ ಒಂದು ಚೊಂಬು ಬಿದ್ದರ ಗೆದ್ದಂಗ್ರಿ” ಎಂದರು ಶಿವಾನಂದರು.

“ನಮ್ ಅಡುಗೆಮನೆ ಕಟ್ಟೆ ಮ್ಯಾಲೆ ಚೊಂಬಲ್ಲಿ ಅದೆ, ತಕ್ಕಂಬನ್ನಿ” ಎಂದರು ಗೌರಮ್ಮನವರು.

ಮೆಟ್ಟಿಲಿಳಿದು ಕೆಳಗಿನ ಅವರ ಮನೆಗೆ ಓಡಿದೆ. ಕಟ್ಟೆಯ ಮೇಲೆ ಎರಡು ಚೊಂಬುಗಳಿದ್ದವು. ಒಂದು ತೆರೆದಿತ್ತು, ಅರ್ಧ ತುಂಬಿತ್ತು. ಇನ್ನೊಂದಕ್ಕೆ ತಟ್ಟೆ ಮುಚ್ಚಿತ್ತು, ಪೂರ್ತಿ ತುಂಬಿತ್ತು. ಇಂಥ ಹೊತ್ತಿನಲ್ಲಿ ತುಂಬಿದ್ದನ್ನೇ ತರಬೇಕೆಂಬುದು ಸಾಮಾನ್ಯ ಜ್ಞಾನ. ಹಾಲು ಸ್ವಲ್ಪ ಗಟ್ಟಿಯಾಗಿ ಕಂಡಿತು. ಪ್ಯಾಕೆಟ್ಟಿನ ಹಾಲು ಕುಡಿದ ನಮಗೆ ಮನೆ ಹಸುವಿನ ಹಾಲು ಹೇಗೆ ಗೊತ್ತಾಗಬೇಕು ಎಂದು ಮನಸ್ಸಿನಲ್ಲೇ ಹಸುವಿಗೆ ಕೈ ಮುಗಿದೆ. ತಂದು ಸುರಿದೆ.

ಹಾಲು ಏಳತೊಡಗಿತು. ಅಂಚಿಗೆ ನಾಲ್ಕು ಬೆರಳು. ಮೂರು ಬೆರಳು. ಹೆಂಗಸರು ಗೋಡೆ ಬಿಟ್ಟು ಮುಂದೆ ಬಂದರು. ಎರಡು ಬೆರಳು. ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದೆ. ಕಣ್ಣು ಬಿಟ್ಟಾಗ ಪಾತ್ರೆಯಲ್ಲಿ ಒಂದು ಕಡೆ ನೀರು, ಒಂದು ಕಡೆ ಗಟ್ಟಿ.

“ಒಡೀತು” ಎಂದರು ಗೌರಮ್ಮನವರು. ಆಮೇಲೆ ಖಾಲಿ ಚೊಂಬನ್ನು ಮೂಸಿ ನೋಡಿದರು. “ಇದ್ರಾಗೆ ಮುಂಜಾನೆ ಎಪ್ಪಾಕಿದ್ನಲ್ಲ ಸಾಮಿ. ಮೊಸರ್ಗೆ ಇಟ್ಟಿದ್ದು.”

ಶಾಸ್ತ್ರದ ಹಾಲು ಒಡೆಯುವುದು ಅಪಶಕುನ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಂಬತ್ತು ಮನೆಯ ಕಾಫಿಯನ್ನು ಹಾಳು ಮಾಡಿ ನಾನು ನಡುವೆ ನಿಂತಿದ್ದೆ. ಆಗಲೇ ಫೋನು ಬಂತು.

“ಉಕ್ತಾ?”

ಸುಮಿತ್ರಾಳ ಹಿಂದೆ ಮಿಷನ್ನಿನ ಸದ್ದು ನಿಂತಿತ್ತು. ಅವಳು ಹೊಲಿಗೆ ಬಿಟ್ಟು ಕೇಳುತ್ತಿದ್ದಾಳೆಂದು ಗೊತ್ತಾಯಿತು. ನಿಜ ಹೇಳಬೇಕೆಂದೇ ಬಾಯಿ ತೆರೆದೆ.

“ಉಕ್ತು. ಪೂರ್ವಕ್ಕೆ ಉಕ್ತು” ಎಂದೆ.

ಒಂಬತ್ತು ಹೆಂಗಸರೂ ನನ್ನನ್ನೇ ನೋಡಿದರು. ಫೋನಿಟ್ಟ ಮೇಲೆ ಒಬ್ಬೊಬ್ಬರಿಗೂ ಕೈ ಮುಗಿದು, ಈ ಘಟನೆಯನ್ನು ಗೋಪ್ಯವಾಗಿಡಬೇಕೆಂದು ವಿನಂತಿಸಿಕೊಂಡೆ. ಗೌರಮ್ಮನವರು “ನಾನ್ಯಾಕೇಳ್ಲಿ ಸಾಮಿ” ಎಂದು ಒಡೆದ ಹಾಲಿಗೆ ಬೆಲ್ಲ ಹಾಕಿ ಕಾಯಿಸಿ ಬೀದಿಗೆಲ್ಲ ಹಂಚಿದರು. ನಾನೂ ಎರಡು ಸಲ ಹಾಕಿಸಿಕೊಂಡೆ.

ಆಷಾಢ ಪೂರ್ತಿ ಆ ಹಾಲು ನನ್ನ ಬಾಯಲ್ಲಿ ಉಕ್ಕುತ್ತಲೇ ಇತ್ತು. ಸುಮಿತ್ರಾಳ ಅಕ್ಕ ಬಂದಾಗ ಅದು ಒಲೆಯನ್ನು ದಾಟಿ ಹರಿಯಿತು. ಬೀಗರು ಬಂದಾಗ ಕಟ್ಟೆ ಇಳಿಯಿತು. ಮಗಳಿಗೆ ಹೇಳುವಾಗ ಬಾಗಿಲ ಹೊಸಿಲು ಮುಟ್ಟಿತು. ಸುಮಿತ್ರಾ ಗುಂಡಿ ಹೊಲಿಯುತ್ತಾ ತಲೆಯಾಡಿಸಿ ಕೇಳುತ್ತಿದ್ದಳು. ನಡುವೆ ಒಮ್ಮೆ, “ಅಯ್ಯೋ ಇವ್ರಿಗೆ ನೊರೆ ಎಷ್ಟಿತ್ತು ಅಂತ ಹೇಳಿ” ಎಂದು ನೆನಪಿಸಿದಳು.

ಶ್ರಾವಣದಲ್ಲಿ ಸಾಮಾನು ತಂದೆವು. ಲಾರಿಯಿಂದ ಆ ದೊಡ್ಡ ಪಾತ್ರೆ ಇಳಿದದ್ದೇ ತಡ, ಬೀದಿಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ನಾನು ಮರದ ನೆರಳನ್ನು ವರ್ಣಿಸತೊಡಗಿದೆ. ಸುಮಿತ್ರಾ ನೇರವಾಗಿ ಅವರ ಹತ್ತಿರ ಹೋಗಿ, “ಅವತ್ತು ಹಾಲು ಕೊಟ್ಟೋರು ನೀವೇ ಅಲ್ವಾ? ತುಂಬಾ ಉಪಕಾರ ಆಯ್ತು” ಎಂದಳು.

ನನ್ನ ಕೈಯಲ್ಲಿದ್ದ ಮಿಷನ್ನಿನ ಕುರ್ಚಿ ಅಲ್ಲೇ ನೆಲಕ್ಕಿಳಿಯಿತು.

“ನಿನಗೆ ಗೊತ್ತಿತ್ತಾ?”

“ಅವತ್ತೇ ಮಧ್ಯಾಹ್ನ ಗೌರಮ್ಮನವ್ರು ಫೋನ್ ಮಾಡಿದ್ರು. ಅದಕ್ಕೆ ಮುಂಚೇನೇ ಗೊತ್ತಾಗಿತ್ತು ಬಿಡಿ. ಪೂರ್ವಕ್ಕೆ ಉಕ್ತು ಅಂದ್ರಲ್ಲ, ಇಪ್ಪತ್ತೆಂಟು ವರ್ಷದಲ್ಲಿ ಯಾವತ್ತು ಗೊತ್ತಾಗಿತ್ತು ನಿಮಗೆ ಪೂರ್ವ ಯಾವ ಕಡೆ ಅಂತ?”

“ಒಡೆದಿದ್ದು ಗೊತ್ತಿದ್ದೂ ಯಾಕ್ ಬಂದೆ?”

ಅವಳು ಆ ಕುರ್ಚಿಯನ್ನೆತ್ತಿ ಮರದ ನೆರಳಿಗಿಟ್ಟಳು.

“ಮೊದಲು ಬರಬಾರ್ದು ಅಂತಾನೇ ಇದ್ದೆ. ಅತ್ತೂಬಿಟ್ಟೆ. ಆಮೇಲೆ ಯೋಚ್ನೆ ಮಾಡ್ದೆ. ಮುಖ ಪರಿಚಯ ಇಲ್ದೋರಿಗೆ ಒಂಬತ್ತು ಮನೆಯೋರು ಬಂದು ಹಾಲು ಸುರಿದಿದಾರೆ. ಪೇಟೇಲಿ ಅಷ್ಟು ವರ್ಷ ಇದ್ವಲ್ಲ, ಒಂದು ಲೋಟ ಹಾಲು ಬೇಕು ಅಂದ್ರೆ ತಟ್ಟೋಕೆ ಯಾವ ಬಾಗ್ಲಿತ್ತು? ಇಂಥ ಬೀದೀಲಿ ರವಿಕೆ ಹೊಲಿಸೋರು ಇಲ್ದೇ ಇರ್ತಾರಾ ಅನ್ನಿಸ್ತು.”

“ಮತ್ತೆ ಆಷಾಢ ಪೂರ್ತಿ ನಾನು ಹೇಳ್ತಾ ಇದ್ದಾಗ ಸುಮ್ನೆ ಯಾಕಿದ್ದೆ?”

“ಚೆನ್ನಾಗ್ ಹೇಳ್ತಿದ್ರಿ” ಎಂದಳು.

ಅವಳ ಲೆಕ್ಕ ತಪ್ಪಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂಬತ್ತು ಮನೆಯಿಂದಲೂ ರವಿಕೆ ಬಂದವು, ಆಮೇಲೆ ಬ್ಯಾಟರಾಯನಪುರದಿಂದಲೂ ಬಂದವು. ಚಿಕ್ಕಪೇಟೆಯ ಹಳೆಯ ಗಿರಾಕಿಗಳೂ ಈಗ ಸೀರೆ ಕೊಂಡು ಹುಡುಕಿಕೊಂಡು ಬರುತ್ತಾರೆ. ಅವರಿಗೆ ಸುಮಿತ್ರಾ ಮನೆ ನಂಬರು, ಕ್ರಾಸು ಯಾವುದನ್ನೂ ಕೊಡುವುದಿಲ್ಲ. “ಅಮೃತಹಳ್ಳಿಗೆ ಬಂದು ಹಾಲು ಒಡೆದ ಮನೆ ಎಲ್ಲಿ ಅಂತ ಕೇಳಿ, ಯಾರು ಬೇಕಾದ್ರೂ ತೋರಿಸ್ತಾರೆ” ಎನ್ನುತ್ತಾಳೆ. ಅವರು ಬಂದು ಬೆಲ್ ಮಾಡುತ್ತಾರೆ. ನಾನು ಬಾಗಿಲು ತೆರೆಯುತ್ತೇನೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅದು ನೀವೇನಾ?” ಎಂದು ಕೇಳುತ್ತಾರೆ.

ನಾನೇ ಎಂದು ಹೇಳಿ, ಕೂರಲು ಕುರ್ಚಿ ಎಳೆದುಕೊಡುತ್ತೇನೆ.