ಮಧ್ಯಾಹ್ನ ಮಾತ್ರ ಸೋರುವ ಇಂಜಿನ್ನು

ಸೋರುವ ವಸ್ತುಗಳನ್ನು ಕಂಡರೆ ನನಗೆ ಆಗುವುದಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಊಟ ಇಳಿಯುವುದಿಲ್ಲ. ಹಾಲಿನ ಪಾಕೀಟಿನ ಮೂಲೆಯಲ್ಲಿ ಒಂದು ಹನಿ ಕಂಡರೂ ಅಂಗಡಿಗೆ ಹೋಗಿ ಬದಲಿಸಿಕೊಂಡು ಬರುತ್ತೇನೆ. ಇದು ಹುಟ್ಟುಗುಣವಲ್ಲ, ನೌಕರಿ ಕಲಿಸಿದ್ದು. ಅಗ್ನಿಶಾಮಕ ಠಾಣೆಯಲ್ಲಿ ಮೆಕ್ಯಾನಿಕ್ ಆಗಿ ತಲೆ ಬೆಳ್ಳಗಾಗುವ ತನಕ ದುಡಿದವನು ನಾನು. ಗಂಟೆ ಬಾರಿಸಿದಾಗ ಗಾಡಿ ಸಿದ್ಧವಿರಬೇಕು, ಪೈಪು ಜೋಡಿಸಿಯೇ ಇರಬೇಕು, ಮುಚ್ಚಳ ಬಿಗಿದೇ ಇರಬೇಕು. ಈಗ ಗಂಟೆ ಬಾರಿಸುವವರು ಯಾರೂ ಇಲ್ಲ. ಆದರೂ ನನ್ನ ಸ್ಕೂಟರು ಬೀದಿಗೆ ಮುಖ ಮಾಡಿಯೇ ನಿಲ್ಲುತ್ತದೆ. ನನ್ನ ಚಪ್ಪಲಿಗಳೂ ಅಷ್ಟೇ.

ಇಂಥವನ ಅಂಗಳಕ್ಕೆ ಹೆಂಡತಿಯ ತಮ್ಮ ಸಿದ್ರಾಮ ಒಂದು ಹಳೆಯ ದೋಣಿ ಇಂಜಿನ್ನು ತಂದಿಳಿಸಿದ. ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರದ ಕೆರೆಯೊಂದರಲ್ಲಿ ಅವನದು ಮೀನು ಸಾಕಣೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್ನು ಅದು. ಪೆಟ್ರೋಲಿನ ಪ್ಲಾಸ್ಟಿಕ್ ಟ್ಯಾಂಕು ಬೇರೆ, ನಡುವೆ ಒಂದು ರಬ್ಬರ್ ಪೈಪು, ಪೈಪಿನ ನಡುವೆ ಕೈಯಿಂದ ಹಿಚುಕಿ ಪೆಟ್ರೋಲು ಏರಿಸುವ ರಬ್ಬರ್ ಉಂಡೆ.

“ಮಾಮಾ, ಎಲ್ಲಿಂದ ಸೋರ್ತದೋ ತಿಳಿವಲ್ದು. ದೋಣ್ಯಾಗ ಕುಂತ್ರ ಪೆಟ್ರೋಲ್ ಬಂಕ್‌ನ್ಯಾಗ ಕುಂತಂಗ ಆಗ್ತದ. ಐತವಾರದೊಳಗ ನಿಂದ್ರಲಿಲ್ಲಂದ್ರ ಗುಜರಿಗಿ ಹಾಕ್ತೀನ್ರಿ” ಎಂದ.

“ಗುಜರಿ ಮಾತು ನನ್ನ ಮುಂದ ತೆಗೀಬ್ಯಾಡ. ಐತವಾರ ನಿಮ್ಮ ಮಂದೀನೆಲ್ಲಾ ಕೆರಿ ದಂಡಿಗಿ ಕರಿ, ಚಾಲೂ ಮಾಡಿ ತೋರಸ್ತೀನಿ” ಎಂದೆ. ಮಾವನ ಮನೆಯವರಿಗೆ ಕೊಟ್ಟ ಮಾತು. ಇಂಜಿನ್ನಿನ ಜೊತೆ ನನ್ನ ಮರ್ಯಾದೆಯೂ ಗುಜರಿಯ ತಕ್ಕಡಿ ಹತ್ತಿ ಕುಳಿತಿತು.

ಕಾಂಪೌಂಡಿನಾಚೆಯಿಂದ ಇಣುಕಿದ ಪಕ್ಕದ ಮನೆಯವರು, “ಸಾಹೇಬ್ರ, ನಮ್ಮ ಖೂಬಾ ಪ್ಲಾಟ್ ಓಣಿಗಿ ಸಮುದ್ರ ಯಾವಾಗ ಬರ್ತದ್ರಿ?” ಎಂದು ಕೇಳಿದರು. “ನಾ ತಯಾರ್ ಇದ್ದೀನ್ರಿ, ಅದು ಬರೂದು ಬಾಕಿ ಅದ” ಎಂದೆ.

ನನ್ನ ಕೆಲಸದ ಕ್ರಮ ನೋಡುವಂತಿತ್ತು, ನಾನೇ ಹೇಳಬೇಕು. ಇಂಜಿನ್ನನ್ನು ಮರದ ಚೌಕಟ್ಟಿಗೆ ಬಿಗಿದು, ಒರೆಸಿ ಒಣಗಿಸಿ, ಪ್ರತಿ ಜೋಡಣೆಯ ಕೆಳಗೂ ಕಾಗದ ಹಾಸಿದೆ. ಉಂಡೆ ಹಿಚುಕಿದೆ. ಬಿಸಿಲಿಗೆ ಬಿರಿದ ಪೈಪು ಬೆವರಿತು, ಹೊಸದು ಹಾಕಿದೆ. ಪೈಪು ಇಂಜಿನ್ನಿಗೆ ಸೇರುವಲ್ಲಿನ ರಬ್ಬರ್ ಉಂಗುರ ಕಲ್ಲಾಗಿತ್ತು, ಬದಲಿಸಿದೆ. ಕಾರ್ಬೊರೇಟರಿನೊಳಗೆ ಪೆಟ್ರೋಲನ್ನು ತಡೆಯುವ ಸೂಜಿ ಸವೆದಿತ್ತು, ಅದನ್ನೂ ಬದಲಿಸಿದೆ. ಆಮೇಲೆ ಕಾಗದಗಳೆಲ್ಲ ಒಣವಾಗಿಯೇ ಉಳಿದವು. ಪೈಪು ಜೋಡಿಸಿ, ಟ್ಯಾಂಕಿನ ಮುಚ್ಚಳ ಬಿಗಿದು, ಒಳಗೆ ಗಾಳಿಯಾಡಲೆಂದು ಮುಚ್ಚಳದ ಮೇಲಿರುವ ಗಾಳಿಯ ತಿರುಪನ್ನೂ ಬಿಗಿದು, ಊಟ ಮಾಡಿ ಮಲಗಿದೆ. ಎದ್ದು ಬಂದರೆ ಕಾರ್ಬೊರೇಟರಿನ ಕೆಳಗಿನ ಕಾಗದ ತೊಯ್ದು ತೊಪ್ಪೆ.

ಮರುದಿನವೂ ಅದೇ ಕಥೆ. ಬೆಳಿಗ್ಗೆ ಒಣ, ಸಂಜೆ ಒದ್ದೆ. ಹೊಸ ಸೂಜಿಯ ಮೇಲೆ ಸಂಶಯಪಟ್ಟೆ, ಬೀದಿಯ ಬೆಕ್ಕಿನ ಮೇಲೂ ಪಟ್ಟೆ. ಹೆಂಡತಿ ನೀಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಜಿಂದಗಿ ಪೂರಾ ಮಂದಿ ಮನಿ ಬೆಂಕಿ ಆರಿಸೀರಿ. ಈಗ ನಮ್ಮನಿಗಿ ಹಚ್ಚೂ ತಯಾರಿ ಏನ್ರಿ?” ಎಂದಳು.

ಶನಿವಾರ ನಾನು ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟೆ. “ಭೂಮಿ ನಡುಗಿದ್ರೂ ಏಳಲಾರ್ದವ್ರು ಇವತ್ತ ಮಲಗಾಂಗಿಲ್ಲಂತ” ಎಂದು ನೀಲಮ್ಮ ಕೌತುಕದಿಂದ ಬಾಗಿಲಲ್ಲೇ ಕುಳಿತಳು. ನಾನು ಕೊಡೆ ಹಿಡಿದು ಟ್ಯಾಂಕಿನೆದುರು ಕುಳಿತೆ. ಕಲಬುರಗಿಯ ಬಿಸಿಲು ನೆತ್ತಿಗೆ ಬಂತು. ಟ್ಯಾಂಕಿನ ಹೊಟ್ಟೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬತೊಡಗಿತು. ಪೈಪಿನ ಉಂಡೆ ಮುಟ್ಟಿದರೆ ಕಲ್ಲು. ಕಾರ್ಬೊರೇಟರಿನಿಂದ ಟಪ್ಪೆಂದು ಒಂದು ಹನಿ ಬಿತ್ತು. ಗಾಳಿಯ ತಿರುಪು ಸಡಿಲಿಸಿದೆ. ಟ್ಯಾಂಕು ಬುಸ್ಸೆಂದು ಉಸಿರು ಬಿಟ್ಟು ಕುಗ್ಗಿತು, ಹನಿ ನಿಂತಿತು.

ಆಗ ಎಲ್ಲವೂ ಸ್ಪಷ್ಟವಾಯಿತು. ಸಿದ್ರಾಮನ ಸೋರಿಕೆಗಳನ್ನು ನಾನು ಮೊದಲೇ ಮುಗಿಸಿದ್ದೆ. ಕೊನೆಯದು ನನ್ನದೇ ಸೃಷ್ಟಿ. ಬಿಸಿಲಿಗೆ ಟ್ಯಾಂಕಿನೊಳಗೆ ಉಬ್ಬಿದ ಆವಿಗೆ ಎಲ್ಲ ದಾರಿಯನ್ನೂ ಶಿಸ್ತಾಗಿ ಬಿಗಿದು, ಪೈಪು ಒಂದನ್ನು ಮಾತ್ರ ಜೋಡಿಸಿಟ್ಟಿದ್ದೆ. ಪಾಪ, ಅದು ಪೆಟ್ರೋಲನ್ನು ಆ ದಾರಿಯಲ್ಲೇ ನೂಕಿ, ಸೂಜಿಯನ್ನೂ ದಾಟಿಸಿ ಹೊರಹಾಕುತ್ತಿತ್ತು. ಎಲ್ಲವನ್ನೂ ಜೋಡಿಸಿ ಬಿಗಿದೇ ಇಡುವ ಬೆಂಕಿಗಾಡಿಯ ನಿಯಮ ದೋಣಿಗೆ ಒಗ್ಗಲಿಲ್ಲ. ನೌಕರಿಯುದ್ದಕ್ಕೂ ಮಾಡದ ಕೆಲಸ ಮಾಡಿದೆ: ಪೈಪನ್ನು ಕಳಚಿಟ್ಟು, ಟ್ಯಾಂಕನ್ನು ನೆರಳಿಗೆ ಸರಿಸಿದೆ. ಸಂಜೆಯ ಕಾಗದದ ಮೇಲೆ ಬೇಕಾದರೆ ಮದುವೆಯ ಕರೆಯೋಲೆ ಬರೆಯಬಹುದಿತ್ತು.

ಭಾನುವಾರ ಕೆರೆಯ ದಂಡೆಯಲ್ಲಿ ಮಾವನ ಮನೆಯ ಮಂದಿಯೆಲ್ಲ ಸಾಲಾಗಿ ನಿಂತಿದ್ದರು. ಗಾಳಿಯ ತಿರುಪು ಬಿಚ್ಚಿ, ಪೈಪು ಜೋಡಿಸಿ, ಇಂಜಿನ್ನು ಚಾಲೂ ಮಾಡುವ ಹಗ್ಗ ಎಳೆದೆ. ಮೊದಲ ಎಳೆತಕ್ಕೆ ಕೆಮ್ಮಿತು, ಎರಡನೆಯದಕ್ಕೆ ಗುಡುಗಿತು. ಸಿದ್ರಾಮ ಕೆರೆಯನ್ನು ಒಂದು ಸುತ್ತು ಹಾಕಿ ಬಂದು, ಇಂಜಿನ್ನಿನ ಅಡಿ ಸವರಿ, ಬೆರಳು ಮೂಸಿ, “ನೀರಿನ ವಾಸನಿ ಮಾತ್ರ ಅದ ಮಾಮಾ” ಎಂದ. ಅತ್ತೆ ಕೆಂಪು ಬಾಳೆಯ ಗೊನೆಯನ್ನೇ ನನ್ನ ಕೈಗಿತ್ತರು. ಅಷ್ಟು ನೆಟ್ಟಗೆ ನಾನು ಪರೇಡಿನಲ್ಲೂ ನಿಂತಿರಲಿಲ್ಲ.

“ಖರೇ, ಏನೇನ್ ಖರಾಬ್ ಆಗಿತ್ರಿ?” ಎಂದು ಸಿದ್ರಾಮ ಕೇಳಿದ. ಪೈಪು, ಉಂಗುರ, ಸೂಜಿ ಎಂದು ಗಂಭೀರವಾಗಿ ಹೇಳಿದೆ.

“ಇನ್ನೊಂದ್ ಪಾರ್ಟ್ ಉಳೀತು ನೋಡ್ರಿ” ಎಂದಳು ನೀಲಮ್ಮ. ತಮ್ಮನ ಕಡೆ ತಿರುಗಿ, ಗದ್ದದಿಂದಲೇ ನನ್ನತ್ತ ತೋರಿಸಿ, “ಅದು ನಮ್ಮನ್ಯಾಗಿಂದು. ಯಾವಾಗ್ಲೂ ಟೈಟ್ ಇರ್ತದ. ಹಳೀ ಮಾಡೆಲ್ಲು, ಸ್ಪೇರ್ ಸಿಗಂಗಿಲ್ಲ” ಎಂದಳು. ದಂಡೆಯ ಮಂದಿಯೆಲ್ಲ ನಕ್ಕರು, ಅತ್ತೆಯೂ ನಕ್ಕರು.

ಬದಲಿ ಸಿಗದ ಸಾಮಾನನ್ನು ಬಹಳ ಜೋಪಾನದಿಂದ ನೋಡಿಕೊಳ್ಳಬೇಕೆಂಬುದೂ ನಮ್ಮ ಠಾಣೆಯ ನಿಯಮವೇ. ಅದನ್ನು ವಾಪಸು ಬರುವಾಗ ದಾರಿಯುದ್ದಕ್ಕೂ ಅವಳಿಗೆ ವಿವರಿಸಿ ಹೇಳಿದೆ.