ಕದ್ದರೆ ಮಾತ್ರ ಚಿಗುರುವ ಗಿಡಗಳು

ನಮ್ಮ ಸೋದರತ್ತೆ ಕಳ್ಳಿ. ಗಾಬರಿಯಾಗಬೇಡಿ, ಈ ಮಾತನ್ನು ನಾನು ಅವರ ಎದುರಿಗೇ ಹೇಳಿದ್ದೇನೆ. ಅವರು ಹೆಮ್ಮೆಯಿಂದ ತಲೆಯಾಡಿಸಿ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ್ದಾರೆ. ಬೇಕಾದರೆ ಹುಣಸೂರಿನ ಅವರ ಮನೆಯ ತಾರಸಿ ಹತ್ತಿ ನೋಡಿ. ಪೇಂಟಿನ ಡಬ್ಬ, ಸೋರುವ ಕೊಡ, ಮಾವನ ಹಳೇ ಹೆಲ್ಮೆಟ್ಟು, ಎಲ್ಲದರಲ್ಲೂ ಹೂವು. ಡೇರೆ, ಕನಕಾಂಬರ, ಸುಗಂಧರಾಜ, ಐದು ಬಣ್ಣದ ದಾಸವಾಳ. ಇವುಗಳಲ್ಲಿ ಒಂದಾದರೂ ನ್ಯಾಯವಾಗಿ ಬಂದಿದ್ದರೆ ನನ್ನ ಕಿವಿ ಕತ್ತರಿಸಿ!

"ಕೊಟ್ಟಿದ್ದು ಕೊಳೀತದೆ, ಕದ್ದಿದ್ದು ಚಿಗುರ್ತದೆ ಕಣ್ಲಾ" ಎಂಬುದು ಅತ್ತೆಯ ತೋಟಗಾರಿಕೆಯ ಮೊದಲ ಪಾಠ. ಎರಡನೆಯ ಪಾಠ ಇನ್ನೂ ಶುರುವಾಗಿಲ್ಲ.

ಒಮ್ಮೆ ಕೆ.ಆರ್. ನಗರದಲ್ಲಿ ಮಂಡಿ ಆಪರೇಷನ್ ಆಗಿದ್ದ ನೆಂಟರೊಬ್ಬರನ್ನು ನೋಡಲು ಹೋದರು. ಕಿತ್ತಳೆ ಒಯ್ದ ಚೀಲದಲ್ಲಿ ಆಸ್ಪತ್ರೆ ಕಾಂಪೌಂಡಿನ ದಾಸವಾಳ ವಾಪಸು ಬಂತು. ಸಂಜೆ ಮಾವ ಹೇಗಿದೆ ಎಂದು ವಿಚಾರಿಸಿದರೆ, ಎರಡು ದಿನ ನೆರಳಿನಲ್ಲಿಟ್ಟರೆ ಸುಧಾರಿಸುತ್ತದೆ ಅಂದರು. ಮಾವ ಪಾಪ, ರೋಗಿಯ ವಿಷಯ ಕೇಳಿದ್ದು!

ಇನ್ನೊಮ್ಮೆ ನಮ್ಮ ಕಡೆಯ ಕೊಪ್ಪಕ್ಕೆ ಹೋದಾಗ ಪಕ್ಕದ ಬೈಲಕುಪ್ಪೆ ನೋಡಿಬರೋಣ ಅಂದರು. ನಾವೆಲ್ಲ ಚಿನ್ನದ ಬಣ್ಣದ ಬುದ್ಧನನ್ನು ನೋಡಿದೆವು. ಅತ್ತೆ ಒಂದು ಮನೆಯ ಕಿಟಕಿಯ ಮೇಲೆ ಹಾಲಿನ ಪುಡಿ ಡಬ್ಬದಲ್ಲಿದ್ದ ಜೆರೇನಿಯಂ ನೋಡಿದರು. ಚಟಕ್ಕನೆ ಒಂದು ಕಡ್ಡಿ ಮುರಿದು ಸೆರಗಿಗೆ ಸೇರಿಸುವಷ್ಟರಲ್ಲಿ ಬಾಗಿಲಲ್ಲಿ ಟಿಬೆಟನ್ ಅಜ್ಜಿ! ಅಜ್ಜಿ ನಕ್ಕು, ಎರಡೂ ಕೈಯಿಂದ ಇನ್ನೊಂದು ಕಡ್ಡಿ ಕೊಟ್ಟರು. ದಾರಿಯುದ್ದಕ್ಕೂ ಅತ್ತೆಯದು ಒಂದೇ ಸಂಕಟ, ಕೊಟ್ಟುಬಿಟ್ಟರಲ್ಲ ಎಂದು. ಎರಡನ್ನೂ ನೆಟ್ಟರು. ಕದ್ದದ್ದು ಚಿಗುರಿತು, ಕೊಟ್ಟದ್ದು ಸತ್ತಿತು. ಕೊಟ್ಟದ್ದಕ್ಕೆ ಅವರು ನೀರು ಹಾಕಿದ್ದನ್ನು ನಾನಂತೂ ನೋಡಲಿಲ್ಲ.

ಇಂಥ ಅತ್ತೆಗೆ ಪ್ರಾಣವೆಂದರೆ ಒಂದು ಪನ್ನೀರು ಗುಲಾಬಿ. ನೋಡಲು ಏನೂ ಇಲ್ಲ. ಅಂಗಡಿ ಗುಲಾಬಿಯ ಪಕ್ಕ ಇಟ್ಟರೆ ಬಡ ನೆಂಟನ ಹಾಗೆ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಉದುರಿಯೂ ಹೋಗುತ್ತದೆ. ಆದರೆ ಪರಿಮಳ! ಸರಗೂರಿನ ಮನೆಗೆ ಸೊಸೆಯಾಗಿ ಹೋದ ಮೊದಲ ಬೆಳಗ್ಗೆ ಅಳು ನಿಲ್ಲದಿದ್ದಾಗ, ಅವರ ಅತ್ತೆ, ಆ ಮನೆಯವರಿಗೆಲ್ಲ ಅವ್ವ, ಅಂಗಳದ ಗಿಡದ ಹೂ ಮುಡಿಸಿ ಸಮಾಧಾನ ಮಾಡಿದ್ದರಂತೆ. ಅದರದೇ ಒಂದು ಕಡ್ಡಿ ಹುಣಸೂರಿಗೆ ಬಂದು ಗಿಡವಾಗಿತ್ತು. ಮುಡಿಸಿದ ಕೈ ಈಗಿಲ್ಲ. ಅವರ ಫೋಟೋಗೆ ದಿನಕ್ಕೊಂದು ಹೂ ಮಾತ್ರ ತಪ್ಪುತ್ತಿರಲಿಲ್ಲ.

ಆ ಗಿಡವನ್ನು ಕೊಂದವನು ನಾನು.

ಎಲೆಗೆಲ್ಲ ಹೇನು ಹತ್ತಿತ್ತು. ನಮ್ಮ ಕಡೆ ಹೊಗೆಸೊಪ್ಪಿಗೇನು ಬರ? ಅತ್ತೆ ಹೇನಿಗೆ ಮದ್ದೆಂದು ಒಂದು ಹಿಡಿ ಪುಡಿಸೊಪ್ಪು ನೀರಿನಲ್ಲಿ ಕುದಿಯಲಿಟ್ಟು, ಆರಿದ ಮೇಲೆ ಚಿಮುಕಿಸು ಎಂದು ಹೇಳಿ ಸಂತೆಗೆ ಹೋದರು. ನಾನೋ, ಸಿಕ್ಕವರ ದನಿಯನ್ನೆಲ್ಲ ಅಣಕಿಸಿಯೇ ಬದುಕುವ ಪ್ರಾಣಿ. ಗೆಳೆಯನಿಗೆ ಫೋನಿನಲ್ಲಿ ಬಸ್ ಕಂಡಕ್ಟರ್ ದನಿ ಮಾಡಿ ತೋರಿಸುತ್ತ, 'ಆರಿದ ಮೇಲೆ' ಎಂಬುದನ್ನು ಪೂರ್ತಿ ಮರೆತೆ. ಕುದಿಯುವ ಕಷಾಯ ಎಲೆಯ ಮೇಲಿಂದ ನೇರ ಬುಡಕ್ಕೇ ಹೋಯಿತು. ಹೇನು ಸತ್ತವು, ಸುಳ್ಳು ಹೇಳಬಾರದು. ಗಿಡವೂ ಜೊತೆಗೆ ಹೋಯಿತು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಅದನ್ನೇ ಅಣಕಿಸಿ ನಗಿಸಬಹುದಿತ್ತು. ಒಣಗಿದ ಕಡ್ಡಿಗೆ ಹದಿನೈದು ದಿನ ನೀರು ಹಾಕಿದರು. ಫೋಟೋಗೆ ಅಂಗಡಿಯ ಸೇವಂತಿಗೆ ಬಂತು.

ಉಳಿದದ್ದು ಸರಗೂರಿನ ತಾಯಿಗಿಡ. ಅದಿರುವುದು ಅತ್ತೆಯ ಓರಗಿತ್ತಿಯ ಅಂಗಳದಲ್ಲಿ. ಮೂರು ವರ್ಷದ ಹಿಂದೆ ಆ ಮನೆಯ ನಾಮಕರಣಕ್ಕೆ ಹೋದಾಗ ಆ ಓರಗಿತ್ತಿ, ನಮ್ಮ ಸರಗೂರತ್ತೆ, ನೆಂಟರೆಲ್ಲರ ಮುಂದೆ, "ಅಕ್ಕ ಬಂದವ್ಳೆ, ಕುಂಡವೆಲ್ಲ ಒಳೀಕೆ ತನ್ರಪ್ಪ" ಅಂದಿದ್ದರು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕು, ಊಟ ಮಾಡಿ ಬಂದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಒಂದು ಮಾತು ಕೇಳಿದರೆ ಕೊಡುವುದಿಲ್ಲವೇ ಎಂದೆ. "ಕೇಳಿ ತಂದ್ರೆ ಬರಕಿಲ್ಲ" ಅಂದರು. ಇದು ತೋಟಗಾರಿಕೆಯೋ ಸ್ವಾಭಿಮಾನವೋ ಎಂದು ವಿಚಾರಿಸಲು ಕೊಲೆಗಾರನಿಗೆ ಬಾಯೆಲ್ಲಿ? ಸರಗೂರಿಗೆ ಬೈಕ್ ತೆಗೆದೆ.

ಯೋಜನೆ ಸರಳ. ಅತ್ತೆ ಬೀದಿ ಮೂಲೆಯಲ್ಲಿ ಇಳಿಯುವುದು. ನಾನು ಒಳಗೆ ಹೋಗಿ ಮಾತಿನಲ್ಲಿ ಕಟ್ಟಿಹಾಕುವುದು. ಅಷ್ಟರಲ್ಲಿ ಅಂಗಳದ ಕೆಲಸ ಮುಗಿಯುವುದು.

ಸರಗೂರತ್ತೆ ಕಿಟಕಿಯ ಬಳಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನಾನು ಮಾವನ ಗೊರಕೆಯ ಅಣಕದಿಂದ ಶುರುಮಾಡಿದೆ. ಕಂಡಕ್ಟರ್ ಬಂದ, ನಮ್ಮ ಹೆಡ್‌ಮಾಸ್ತರರು ಬಂದರು, ಸರಗೂರತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸರಕೆಲ್ಲ ಮುಗಿದು, ಇನ್ನೇನೂ ತೋಚದೆ, ಅತ್ತೆಯ ದನಿಯೇ ಬಾಯಿಗೆ ಬಂದುಬಿಟ್ಟಿತು. ಆ ಮನೆಗೆ ಕಾಲಿಡುವಾಗಲೆಲ್ಲ ಅವರು ಹೇಳುತ್ತಿದ್ದ ಮಾತು: "ಅಮ್ಮೀ, ಒಲೆ ಮೇಲೇನಿಟ್ಟಿದ್ದೀಯೇ, ಸೀದ ವಾಸ್ನೆ ಬತ್ತಾ ಅದೆ."

ನಗು ನಿಂತಿತು. ಕೈ ಅಕ್ಕಿಯಲ್ಲೇ ಉಳಿಯಿತು.

"ಇನ್ನೊಂದ್ಸಲ ಅನ್ನಪ್ಪ."

ಅಂದೆ.

"ಇನ್ನೊಂದೇ ಸಲ."

ಈ ಸಲ ನನಗೆ ಸರಿಯಾಗಿ ಬರಲಿಲ್ಲ. ಅಷ್ಟರಲ್ಲಿ ಹೊರಗೆ ಗೇಟು ಕಿರ್ರೆಂದಿತು. ಮುಚ್ಚಿಹಾಕಲು ಜೋರಾಗಿ ಕೆಮ್ಮಿದೆ.

"ಕೆಮ್ಬ್ಯಾಡ ಬುಡು. ನಿಮ್ಮತ್ತೆ ಬೈಕಿಂದ ಇಳ್ದಾಗ್ಲೇ ಕಂಡೆ."

ಅತ್ತೆಯನ್ನು ಕರೆಯಲು ಎದ್ದೆ. ಅವರು ನನ್ನ ಮುಂಗೈ ಹಿಡಿದು ಕೂರಿಸಿದರು. "ಕರೀಬ್ಯಾಡ ಕಣಪ್ಪ. ನಾನಾಗೇ ಕೊಟ್ರೆ ಅದು ಬರಕಿಲ್ಲ ಅಂತಾಳೆ. ಚಿಗುರ್ಲಿ." ಹಾಗಂದವರೇ ಕಿಟಕಿಗೆ ಪೂರ್ತಿ ಬೆನ್ನು ತಿರುಗಿಸಿ, ಆರಿಸಿ ಮುಗಿದಿದ್ದ ಅಕ್ಕಿಯನ್ನು ಸದ್ದಾಗುವಂತೆ ಮತ್ತೆ ಕೇರತೊಡಗಿದರು.

ಸೆರಗಿನಲ್ಲಿ ಕಡ್ಡಿ ಬಚ್ಚಿಟ್ಟು ಬೈಕಿನಲ್ಲಿ ಹಿಂದೆ ಕೂತ ಅತ್ತೆ, ಅವಳಿಗೆ ಗೊತ್ತಾಯಿತೇ ಎಂದು ಎಚ್.ಡಿ. ಕೋಟೆ ದಾಟುವವರೆಗೆ ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಇಲ್ಲವೆಂದೆ. ನಾನು ಒಂದು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ದಾಖಲೆ ಅದೊಂದೇ.

ತಿಂಗಳು ತುಂಬುವ ಮುಂಚೆ ಒಂದು ಬೆಳಗ್ಗೆ ಅತ್ತೆ ನನ್ನನ್ನು ತಾರಸಿಗೆ ಕರೆದರು. ಡಬ್ಬದಲ್ಲಿ ನೆಟ್ಟ ಕಡ್ಡಿಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚಿಗುರು. ಅದನ್ನೇ ನೋಡುತ್ತ ನಿಂತರು. ಆಮೇಲೆ ಸರಗೂರಿಗೆ ಫೋನ್ ಹಚ್ಚು ಅಂದರು.

"ಅಮ್ಮೀ, ಚಿಗುರ್ತು."

ಏನು, ಯಾವುದು, ಎಲ್ಲಿಂದ ತಂದದ್ದು ಎಂದು ಆ ಕಡೆಯಿಂದ ಯಾರೂ ಕೇಳಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ಬಂತು. ಆಮೇಲೆ, "ಬಿಸ್ಲಲ್ಲಿ ಇಕ್ಬ್ಯಾಡ ಕಣಕ್ಕ. ಅವ್ವ ಎಳೇ ಕಡ್ಡೀನ ನೆಳ್ಳಲ್ಲೇ ಇಕ್ತಿದ್ಲು" ಎಂಬ ಮಾತು ಕೇಳಿಸಿತು.

ಅತ್ತೆ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ನೀರಿನ ಟ್ಯಾಂಕಿನ ನೆರಳಿಗೆ ತಂದರು. ಒಂದು ಕಡೆ ಇಟ್ಟರು, ಸಮಾಧಾನವಾಗದೆ ಗೇಣುದ್ದ ಒಳಗೆ ಸರಿಸಿದರು.

"ಇಲ್ಲಿಟ್ರೆ ಆಯ್ತದೇನೇ?" ಎಂದು ಕೇಳಿದರು.